ಪಾಲಕರ ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿ, ಸಾಹೇಬ್ರೇ

ಅಪರ ಆಯುಕ್ತರು, ಶಾಲಾ ಶಿಕ್ಷಣ ಇಲಾಖೆ, ಕಲಬುರಗಿ ಇವರಿಗೆ, ಮತ್ತು ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಉಪನಿರ್ದೇಶಕರಿಗೆ, ಬಿಇಒಗಳಿಗೆ, ಮುಖ್ಯಗುರುಗಳಿಗೆ,

ನಮಸ್ಕಾರ.

ನಾನು ಕಲಬುರಗಿಯವಳು. ಮೊದಲು ಒಂದು ವಿಶೇಷ ಶಾಲೆಯಲ್ಲಿ ಟೀಚರ್ ಆಗಿದ್ದೆ. ಈಗ ಮಾಡುವುದು ಬೇರೆ ಕೆಲಸ. ಅಂಗವೈಕಲ್ಯ ಇರುವ ಮಕ್ಕಳ ಅಪ್ಪ-ಅಮ್ಮ ಶಾಲೆಗೋ, ಬಿಇಒ ಕಚೇರಿಗೋ, ಆಸ್ಪತ್ರೆಗೋ ಹೋಗುವಾಗ ಅವರ ಜೊತೆ ಹೋಗುತ್ತೇನೆ. ಸಂಬಳ ಇಲ್ಲ, ಹುದ್ದೆ ಇಲ್ಲ, ಕೊರಳಲ್ಲಿ ಐಡಿ ಕಾರ್ಡ್ ಇಲ್ಲ. ಹಾಗಾಗಿ ಒಳಗೆ ಕಾಲಿಟ್ಟ ಕೂಡಲೇ ಮೊದಲ ಪ್ರಶ್ನೆ ನನಗೇ ಬೀಳುತ್ತದೆ. "ನೀವು ಯಾರ್ರಿ?"

ಲಾಯರ್ರಾ? ಪೇಪರಿನವರಾ? ಸಂಘಟನೆಯವರಾ? ಹುಡುಗನ ಕಾಕಿನಾ? ಯಾವುದೂ ಅಲ್ಲ ಅಂದರೆ "ಹಂಗಾದ್ರ ಹೊರಗ ಕುಂದರ್ರಿ" ಅನ್ನುತ್ತಾರೆ. ಆ ತಾಯಿ ಒಬ್ಬಳೇ ಒಳಗೆ ಹೋಗುತ್ತಾಳೆ. ಸ್ವಲ್ಪ ಹೊತ್ತಿಗೆ ಹೊರಗೆ ಬರುತ್ತಾಳೆ. ಏನಂದ್ರು ಅಂತ ಕೇಳಿದರೆ "ನೋಡಾಮ್ ಅಂದ್ರು" ಅನ್ನುತ್ತಾಳೆ. ಕೈಯಲ್ಲಿ ಒಂದು ಚೀಟಿ ಕೂಡ ಇರುವುದಿಲ್ಲ.

ಇದು ಯಾವುದೋ ಒಂದು ಶಾಲೆಯ ಮೇಲಿನ ದೂರಲ್ಲ. ಹೆಸರು ಹೇಳುವುದೂ ಇಲ್ಲ. ನಾವು ಯಾರು, ಯಾಕೆ ಬರುತ್ತೇವೆ ಅಂತ ಒಮ್ಮೆ ಸರಿಯಾಗಿ ಹೇಳಿಬಿಡೋಣ, ಆಮೇಲೆ ಒಂದು ಸುತ್ತೋಲೆ ಕೇಳೋಣ ಅಂತ ಬರೆಯುತ್ತಿದ್ದೇನೆ.

ನಾನು ಮಾಡುವ ಕೆಲಸ ಕೇಳಿದರೆ ಇಷ್ಟೇನಾ ಅನಿಸಬಹುದು. ಹಿಂದಿನ ದಿನ ಮಗುವಿನ ಕಾಗದಗಳನ್ನೆಲ್ಲ ತಾರೀಖಿನ ಪ್ರಕಾರ ಒಂದು ಫೈಲಿಗೆ ಹಾಕುತ್ತೇನೆ. ವಿಕಲಚೇತನರ ಗುರುತಿನ ಯುಡಿಐಡಿ ಕಾರ್ಡು, ಡಾಕ್ಟರ ವರದಿ, ಅಂಕಪಟ್ಟಿ, ಹಿಂದೆ ಕೊಟ್ಟ ಅರ್ಜಿಗಳ ಝೆರಾಕ್ಸು. ಏನೇನು ಕೇಳಬೇಕು ಅಂತ ತಾಯಿಯ ಜೊತೆ ಕೂತು ಬರೆಯುತ್ತೇನೆ. ಮೀಟಿಂಗಿನಲ್ಲಿ ಮಾತಾಡುವುದು ಅವಳೇ, ನಾನು ಬರೆದುಕೊಳ್ಳುತ್ತೇನೆ. ಮರೆತರೆ ನೆನಪಿಸುತ್ತೇನೆ. "ಅದು ರೂಲ್ಸಿನ್ಯಾಗ ಇಲ್ಲ" ಅಂತ ಯಾರಾದರೂ ಅಂದರೆ ಯಾವ ರೂಲ್ಸು ಅಂತ ಕೇಳುತ್ತೇನೆ. ಕೊನೆಗೆ ಯಾರು ಏನು ಒಪ್ಪಿಕೊಂಡರೋ ಅದನ್ನು ಒಂದು ಹಾಳೆಯಲ್ಲಿ ಬರೆದು, ಓದಿ ಹೇಳಿ, ಸಹಿ ಕೇಳುತ್ತೇನೆ. ಜಾಸ್ತಿ ಸಿಟ್ಟು ಬರುವುದು ಈ ಕೊನೆಯ ಕೆಲಸಕ್ಕೆ.

ಇದಕ್ಕೊಬ್ಬರು ಯಾಕೆ ಬೇಕು ಅಂತ ನೀವು ಕೇಳಬಹುದು. ಮೇಜಿನ ಆ ಕಡೆ ಯಾರಿರುತ್ತಾರೆ ನೋಡಿ. ಮುಖ್ಯಗುರುಗಳು, ಕ್ಲಾಸ್ ಟೀಚರ್, ಕೆಲವು ಸಲ ತಾಲೂಕಿನ ಸಂಪನ್ಮೂಲ ಕೇಂದ್ರ, ಅಂದರೆ ಬಿಆರ್‌ಸಿಯಿಂದ ಒಬ್ಬರು. ಎಲ್ಲರೂ ಓದಿದವರು, ಎಲ್ಲರಿಗೂ ಒಬ್ಬರಿಗೊಬ್ಬರು ಗೊತ್ತು. ಸಿಡಬ್ಲ್ಯುಎಸ್‌ಎನ್, ಬಿಐಇಆರ್‌ಟಿ, ಸ್ಯಾಟ್ಸ್ ಎಂಟ್ರಿ, ಐಇಪಿ ಅಂತ ಮಾತು ಓಡುತ್ತಿರುತ್ತದೆ. ಈ ಕಡೆ ಒಬ್ಬ ತಾಯಿ. ತೊಗರಿ ರಾಶಿಯ ದಿನಗಳಲ್ಲಿ ಕೂಲಿ ಬಿಟ್ಟು, ಬಸ್ಸು ಬದಲಿಸಿ ಬಂದಿರುತ್ತಾಳೆ. ಮಗನ ಬಗ್ಗೆ ಅವಳಿಗೆ ಗೊತ್ತಿರುವಷ್ಟು ಆ ಕೋಣೆಯಲ್ಲಿ ಯಾರಿಗೂ ಗೊತ್ತಿಲ್ಲ, ಆದರೆ ಅದನ್ನು ಹೇಳುವ ಸರದಿ ಅವಳಿಗೆ ಬರುವುದೇ ಇಲ್ಲ. ನಮ್ಮ ಕಡೆ ಮಗಳ ಮದುವೆ ಮಾತುಕತೆಗೆ ಅಪ್ಪ ಒಬ್ಬನೇ ಹೋಗಿ ಕೂರುತ್ತಾನಾ? ಊರಿನ ನಾಲ್ಕು ಜನ ಹಿರಿಯರನ್ನು ಕರೆದುಕೊಂಡೇ ಹೋಗುತ್ತಾನೆ. ಅವರು ಯಾರು ಅಂತ ಬೀಗರು ಕೇಳುವುದಿಲ್ಲ, ಚಹಾ ಕೊಡುತ್ತಾರೆ.

ಒಂದು ಖಾಸಗಿ ಶಾಲೆಯ ಕತೆ ಹೇಳುತ್ತೇನೆ. ಆಟಿಸಂ ಇರುವ ಹುಡುಗ, ಎರಡನೇ ಕ್ಲಾಸು. ಗದ್ದಲ ಆದರೆ ಕಿವಿ ಮುಚ್ಚಿಕೊಂಡು ಬೆಂಚಿನ ಕೆಳಗೆ ಹೋಗಿ ಕೂರುತ್ತಾನೆ. ಬೇರೆ ಮಕ್ಕಳ ಪಾಲಕರು ತಕರಾರು ತೆಗೆದರಂತೆ. ಶಾಲೆಯವರು ತಾಯಿಯನ್ನು ಕರೆಸಿ, ಬಹಳ ಮೆತ್ತಗೆ, ಬಹಳ ಪ್ರೀತಿಯಿಂದಲೇ ಹೇಳಿದರು: "ಇವನಿಗೆ ನಮ್ಮ ಸಾಲಿ ಆಗಂಗಿಲ್ಲ ಅಮ್ಮಾ, ಟಿಸಿ ತಗೊಂಡ್ ಹೋಗ್ರಿ, ಅವನಿಗೂ ಚಲೋ." ಅವಳು ಟಿಸಿ ಅರ್ಜಿಗೆ ಸಹಿ ಹಾಕಲು ತಯಾರಾಗಿದ್ದಳು. ಮರುದಿನ ನಾವಿಬ್ಬರೂ ಹೋದೆವು. ನಾನು ಜಗಳ ಆಡಲಿಲ್ಲ. "ಯಾವ ಕಾರಣಕ್ಕೆ ಟಿಸಿ ಕೊಡ್ತಿದ್ದೀರಿ ಅಂತ ಲೆಟರ್‌ಹೆಡ್ಡಿನಲ್ಲಿ ಬರೆದು ಕೊಡಿ, ನಾವು ತಗೊಂಡು ಹೋಗ್ತೀವಿ" ಅಂದೆ. ಅವರು ಬರೆಯಲಿಲ್ಲ. ಬರೆಯಲು ಆಗುವುದೂ ಇಲ್ಲ, ಯಾಕೆಂದರೆ ಎಂಟನೇ ಕ್ಲಾಸು ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕಬಾರದು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 16ನೇ ಕಲಮು ಇನ್ನೂ ಮುಂದೆ ಹೋಗುತ್ತದೆ. ಸರ್ಕಾರದಿಂದ ಅನುದಾನ ಅಥವಾ ಬರೀ ಮಾನ್ಯತೆ ಪಡೆದ ಶಾಲೆಗಳಲ್ಲೂ ಇಂಥ ಮಕ್ಕಳನ್ನು ಭೇದ ಮಾಡದೆ ಸೇರಿಸಿಕೊಂಡು ಎಲ್ಲರ ಜೊತೆ ಕಲಿಸಬೇಕು ಅನ್ನುತ್ತದೆ. ಹುಡುಗ ಅದೇ ಶಾಲೆಯಲ್ಲಿದ್ದಾನೆ. ಬೆಲ್ಲಿನ ಹತ್ತಿರ ಇದ್ದ ಅವನ ಜಾಗವನ್ನು ಈಗ ಕಿಟಕಿ ಪಕ್ಕಕ್ಕೆ ಬದಲಿಸಿದ್ದಾರೆ. ಖರ್ಚು ಏನೂ ಆಗಲಿಲ್ಲ.

ಆ ತಾಯಿ ಒಬ್ಬಳೇ ಹೋಗಿದ್ದರೆ "ಬರೆದು ಕೊಡಿ" ಅನ್ನುತ್ತಿದ್ದಳಾ? ಅಂದಿದ್ದರೂ ಕೇಳುತ್ತಿದ್ದರಾ?

ಇನ್ನೊಂದು ವಿಷಯ ಗೃಹಾಧಾರಿತ ಶಿಕ್ಷಣ. ಇದು ಸೂಕ್ಷ್ಮ, ಸ್ವಲ್ಪ ಬಿಡಿಸಿ ಹೇಳಬೇಕು. 2012ರಲ್ಲಿ ಶಿಕ್ಷಣ ಹಕ್ಕು ಕಾಯ್ದೆಗೆ ತಿದ್ದುಪಡಿ ಆಯಿತು. ತೀವ್ರ ಅಥವಾ ಬಹು ಅಂಗವೈಕಲ್ಯ ಇರುವ ಮಗು ಬೇಕಿದ್ದರೆ ಮನೆಯಲ್ಲೇ ಕಲಿಯುವ ಆಯ್ಕೆ ಮಾಡಿಕೊಳ್ಳಬಹುದು ಅಂತ ಬಂತು. ಆಯ್ಕೆ ಮಗುವಿನದು, ಕುಟುಂಬದ್ದು. ಶಾಲೆಯದ್ದಲ್ಲ. ಆದರೆ ಹಳ್ಳಿಗಳಲ್ಲಿ ನಾನು ನೋಡುವುದು ತಿರುಗಾಮುರುಗಾ. ಸೆರೆಬ್ರಲ್ ಪಾಲ್ಸಿ ಇರುವ ಹುಡುಗಿ, ತಲೆ ಚುರುಕು, ಲೆಕ್ಕ ಬಾಯಲ್ಲೇ ಮಾಡುತ್ತಾಳೆ, ಶಾಲೆಗೆ ಮೂರು ಮೆಟ್ಟಿಲು ಇವೆ ಅಂತ ಅವಳ ಹೆಸರನ್ನು ಗೃಹಾಧಾರಿತ ಪಟ್ಟಿಗೆ ಬರೆದುಬಿಡುತ್ತಾರೆ. ಹಾಜರಿ ಪುಸ್ತಕದಲ್ಲಿ ಹೆಸರು ಇರುತ್ತದೆ, ಹುಡುಗಿ ಕಟ್ಟೆಯ ಮೇಲೆ ಕೂತು ಶಾಲೆಗೆ ಹೋಗುವವರನ್ನು ನೋಡುತ್ತಾಳೆ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಕರೆದುಕೊಂಡು ಹೋಗುವವರಿಗೆ ಭತ್ಯೆ ಇದೆ, ಸಾರಿಗೆ ಭತ್ಯೆ ಇದೆ, ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿ ಪ್ರೋತ್ಸಾಹಧನ ಇದೆ. ಇವೆಲ್ಲ ಇವೆ ಅಂತ ಅವಳ ಅಪ್ಪನಿಗೆ ಹೇಳಿದ್ದು ಯಾರು? ಯಾರೂ ಹೇಳಿರಲಿಲ್ಲ. ಅವನು ಸಹಿ ಹಾಕಿದ್ದ ಕಾಗದ ಏನು ಅಂತಲೂ ಅವನಿಗೆ ಗೊತ್ತಿರಲಿಲ್ಲ. ಪಿಂಚಣಿ ಕಾಗದ ಅಂದುಕೊಂಡಿದ್ದ.

ವರದಿಗಳ ಕತೆಯೂ ಇದೆ. ನಮ್ಮ ಭಾಗದ ಎಷ್ಟೋ ಜನ ಮಗುವನ್ನು ತೋರಿಸಲು ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆಗೆ ಹೋಗುತ್ತಾರೆ, ಬೀದರ್‌ನವರಿಗಂತೂ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ಮಾತು-ಕಿವಿ ತೊಂದರೆ ಇದ್ದರೆ ಕೆಲವರು ಮೈಸೂರಿನವರೆಗೂ ಹೋಗಿಬರುತ್ತಾರೆ. ಸಾಲ ಮಾಡಿ ಹೋಗಿ ತಂದ ವರದಿ ಇಂಗ್ಲಿಷಿನಲ್ಲಿರುತ್ತದೆ. ಶಾಲೆಯಲ್ಲಿ ಅದನ್ನು ಫೈಲಿಗೆ ಹಾಕುತ್ತಾರೆ, ಯಾರೂ ಓದುವುದಿಲ್ಲ. ಓದಿದರೂ ಅದರಲ್ಲಿ ಅಂಕಿ ಇರುತ್ತದೆಯೇ ಹೊರತು ಸೋಮವಾರ ಬೆಳಗ್ಗೆ ಕ್ಲಾಸಿನಲ್ಲಿ ಏನು ಮಾಡಬೇಕು ಅಂತ ಇರುವುದಿಲ್ಲ. ನನಗೆ ಇಷ್ಟವಾದ ಕೆಲಸ ಇಲ್ಲೇ ಶುರುವಾಗುತ್ತದೆ. ಆ ವರದಿಯಿಂದ ಟೀಚರಿಗೆ ಬೇಕಾದ ನಾಲ್ಕು ಮಾತು ತೆಗೆಯುವುದು. ಮುಂದಿನ ಸಾಲಿನಲ್ಲಿ ಕೂರಿಸಿ. ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. ಬೋರ್ಡಿನಿಂದ ಬರೆದುಕೊಳ್ಳಲು ಆಗುವುದಿಲ್ಲ, ಗೆಳೆಯನ ನೋಟ್ಸು ಝೆರಾಕ್ಸ್ ಮಾಡಿ ಕೊಡಿ. ಪ್ರಶ್ನೆ ಓದಿ ಹೇಳಿ, ಉತ್ತರ ಬಾಯಲ್ಲಿ ಕೇಳಿ. ಇಷ್ಟು ಹೇಳಿದರೆ ಬಹಳಷ್ಟು ಟೀಚರುಗಳು ಖುಷಿಯಿಂದಲೇ ಮಾಡುತ್ತಾರೆ. ಎಷ್ಟೋ ಜನ ಮೇಡಂಗಳು "ಇದನ್ನ ಮೊದಲೇ ಯಾಕ್ ಹೇಳಿಲ್ರಿ" ಅಂತ ನನ್ನನ್ನೇ ಕೇಳಿದ್ದಾರೆ.

ತಾಂಡಾದ ಒಬ್ಬ ಹುಡುಗನ ಬುದ್ಧಿಮಟ್ಟದ ಪರೀಕ್ಷೆ ಕನ್ನಡದಲ್ಲಿ ನಡೆದಿತ್ತು. ಮನೆಯಲ್ಲಿ ಅವನು ಆಡುವುದು ಲಂಬಾಣಿ. ಅಪ್ಪ-ಅಮ್ಮನ ಜೊತೆ ವರ್ಷದ ಅರ್ಧ ಭಾಗ ಪುಣೆಯ ಕಡೆ ಗುಳೆ ಹೋಗುತ್ತಾನೆ, ಅಲ್ಲಿ ಕಿವಿಗೆ ಬೀಳುವುದು ಮರಾಠಿ. ಕನ್ನಡದಲ್ಲಿ ಕೇಳಿದ್ದಕ್ಕೆ ಸುಮ್ಮನೆ ಕೂತಿದ್ದ. ಬುದ್ಧಿಮಾಂದ್ಯ ಅಂತ ಬರೆದರು. ಪರೀಕ್ಷೆ ಮಾಡಿದವರು ಕೆಟ್ಟವರೇನಲ್ಲ, ಅವರಿಗೆ ಆ ಭಾಷೆ ಬರುತ್ತಿರಲಿಲ್ಲ, ಬರುವವರನ್ನು ಕರೆಸಬಹುದು ಅಂತ ಹೇಳುವವರೂ ಅಲ್ಲಿರಲಿಲ್ಲ. ಆಮೇಲೆ ಅವನ ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಇನ್ನೊಮ್ಮೆ ಮಾಡಿಸಿದಾಗ ಚಿತ್ರವೇ ಬೇರೆ ಬಂತು. ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಕನ್ನಡ, ಉರ್ದು, ಮರಾಠಿ, ತೆಲುಗು, ಲಂಬಾಣಿ ಎಲ್ಲ ಒಂದೇ ಬಸ್ಸಿನಲ್ಲಿ ಕೇಳುತ್ತವೆ. ಮಗುವಿನ ಮನೆಮಾತು ಯಾವುದು ಅಂತ ಕೇಳಲು ಇಲಾಖೆಯ ಆದೇಶ ಬೇಕಾ ಹೇಳಿ.

ಓದಲು-ಬರೆಯಲು ಕಷ್ಟಪಡುವ ಮಕ್ಕಳದು ಇನ್ನೂ ಕಾಣದ ಸಂಕಟ. ಹೊರಗೆ ಏನೂ ಗೊತ್ತಾಗುವುದಿಲ್ಲ, ಹಾಗಾಗಿ ಸೋಮಾರಿ ಅನ್ನುತ್ತಾರೆ. 2018ರಲ್ಲಿ ಬಂದ ಕೇಂದ್ರದ ಮಾರ್ಗಸೂಚಿ ಹೇಳಿದ್ದು ಇದು: ಮೂರನೇ ಕ್ಲಾಸು ಅಥವಾ ಎಂಟು ವರ್ಷ, ಯಾವುದು ಮೊದಲೋ ಆಗ, ಟೀಚರುಗಳೇ ಪ್ರಾಥಮಿಕ ತಪಾಸಣೆ ಮಾಡಬೇಕು. ಅದಕ್ಕೆ ಪ್ರತಿ ಶಾಲೆಯಲ್ಲಿ, ಸರ್ಕಾರಿ ಇರಲಿ ಖಾಸಗಿ ಇರಲಿ, ಮುಖ್ಯಗುರುಗಳ ಕೈಕೆಳಗೆ ಒಂದು ಸಮಿತಿ ಇರಬೇಕು. ನಾನು ಈ ಸಮಿತಿ ಬಗ್ಗೆ ಕೇಳಿದ ಕಡೆಯೆಲ್ಲ ಎದುರಿಗಿದ್ದವರು ಪಕ್ಕದವರ ಮುಖ ನೋಡಿದ್ದಾರೆ. ಮೂರನೇ ಕ್ಲಾಸಿನಲ್ಲಿ ತಪ್ಪಿಹೋದದ್ದು ಹತ್ತನೇ ಕ್ಲಾಸಿನಲ್ಲಿ ಬಂದು ಕೂರುತ್ತದೆ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಜಾಸ್ತಿ ಸಮಯ, ಬರೆಯಲು ಸಹಾಯಕ, ಎರಡನೇ-ಮೂರನೇ ಭಾಷೆಯಿಂದ ವಿನಾಯಿತಿ, ಇವೆಲ್ಲ 2016ರ ಕಾಯ್ದೆಯ 17ನೇ ಕಲಮಿನಲ್ಲೇ ಹೆಸರು ಹೇಳಿ ಬರೆದಿರುವ ಸೌಲಭ್ಯಗಳು. ಆದರೆ ಹಾಲ್ ಟಿಕೆಟ್ ಬಂದ ಮೇಲೆ ಓಡಾಡಿದರೆ ಏನು ಸಿಗುತ್ತದೆ? ಒಂಬತ್ತನೇ ಕ್ಲಾಸಿನಲ್ಲೇ ಕಲಿಕಾ ತೊಂದರೆಯ ಸರ್ಟಿಫಿಕೇಟು ಕೈಗೆ ಬರಬೇಕು. ಕಲ್ಯಾಣ ಕರ್ನಾಟಕದ ರಿಸಲ್ಟ್ ಕೆಳಗಿದೆ ಅಂತ ಪ್ರತಿ ವರ್ಷ ಸಭೆ ಮಾಡುತ್ತೀರಲ್ಲ, ಆ ಫೇಲಾದವರಲ್ಲಿ ಎಷ್ಟು ಮಕ್ಕಳಿಗೆ ಇಂಥ ತೊಂದರೆ ಇತ್ತು ಅಂತ ಒಮ್ಮೆಯಾದರೂ ತೆಗೆಸಿ ನೋಡಿ.

ಇಂಥ ಕೆಲಸ ನಾವು ಹುಟ್ಟಿಸಿಕೊಂಡದ್ದೇನಲ್ಲ. ಅಮೆರಿಕದಲ್ಲಿ 1975ರಲ್ಲಿ ಈ ಮಕ್ಕಳ ಶಿಕ್ಷಣಕ್ಕೆ ಒಂದು ಕಾನೂನು ಬಂತು. ಅಲ್ಲಿ ಈಗ ಪ್ರತಿ ಮಗುವಿನ ವೈಯಕ್ತಿಕ ಕಲಿಕಾ ಯೋಜನೆಯನ್ನು ವರ್ಷಕ್ಕೆ ಕನಿಷ್ಠ ಒಮ್ಮೆ ಕೂತು ನೋಡಲೇಬೇಕು, ಆ ತಂಡದಲ್ಲಿ ಪಾಲಕರೂ ಸದಸ್ಯರು. ಮಗುವಿನ ಬಗ್ಗೆ ತಿಳಿದಿರುವ ಯಾರನ್ನಾದರೂ ಪಾಲಕರು ಜೊತೆಗೆ ಕರೆತರಬಹುದು. ನನಗೆ ಬಹಳ ಹಿಡಿಸಿದ ಮಾತು ಇನ್ನೊಂದಿದೆ: ಬಂದವರಿಗೆ ತಿಳಿವಳಿಕೆ ಇದೆಯೋ ಇಲ್ಲವೋ ಅಂತ ತೀರ್ಮಾನಿಸುವುದು ಕರೆತಂದವರೇ. ಎದುರಿನವರು "ನೀವು ಯಾರ್ರಿ" ಅನ್ನುವ ಹಾಗೇ ಇಲ್ಲ! ಶಾಲೆ ಏನನ್ನಾದರೂ ಇಲ್ಲ ಅಂದರೆ ಯಾಕೆ ಇಲ್ಲ ಅಂತ ಬರೆದು ಕೊಡಬೇಕು. ಹೀಗೆ ಜೊತೆ ಹೋಗುವವರು ಅಲ್ಲಿ ವಕೀಲರೇ ಆಗಬೇಕಿಲ್ಲ, ಎಷ್ಟೋ ಜನ ಇಂಥದೇ ಮಗುವಿನ ತಾಯಂದಿರು. ಅಲ್ಲಿ ಎಲ್ಲ ಚೆನ್ನಾಗಿದೆ ಅಂತ ನಾನು ಹೇಳುತ್ತಿಲ್ಲ. ಗಂಟೆಗೆ ಇಷ್ಟು ಅಂತ ಫೀ ತಗೊಳ್ಳುವವರೇ ಬಹಳ, ಬಡವರಿಗೆ ಅದು ಎಟುಕುವುದಿಲ್ಲ. ಆ ಭಾಗ ನಮಗೆ ಬೇಡ.

ನಿಮ್ಮ ಅನುಮಾನ ನನಗೆ ಅರ್ಥ ಆಗುತ್ತದೆ. ಸರ್ಟಿಫಿಕೇಟ್ ಕೊಡುವ ಕಡೆಯೆಲ್ಲ ಏಜೆಂಟರು ಸುತ್ತಾಡುತ್ತಾರೆ, ಕಾರ್ಡು ಮಾಡಿಸಿಕೊಡ್ತೀನಿ ಅಂತ ಬಡವರ ಹತ್ತಿರ ದುಡ್ಡು ಕೀಳುತ್ತಾರೆ. ಮಗುವಿನ ಫೋಟೋ ತೆಗೆದು ವಾಟ್ಸ್‌ಆ್ಯಪಿನಲ್ಲಿ ಹಾಕಿಕೊಂಡು ಸೇವೆ ಮಾಡಿದೆ ಅನ್ನುವವರೂ ಇದ್ದಾರೆ. ಅವರನ್ನು ತಡೆಯಿರಿ. ಜೊತೆ ಬರುವವರು ಪಾಲಕರ ಸಹಿ ಇರುವ ಒಪ್ಪಿಗೆ ಪತ್ರ ತರಲಿ, ದುಡ್ಡು ಮುಟ್ಟಬಾರದು ಅಂತ ನಿಯಮ ಇರಲಿ, ಮಗುವಿನ ವಿಷಯ ಹೊರಗೆ ಹೇಳಿದರೆ ಮುಂದಿನ ಸಲ ಒಳಗೆ ಬಿಡಬೇಡಿ. ಇದನ್ನೆಲ್ಲ ನಾನೂ ಒಪ್ಪುತ್ತೇನೆ.

ಇನ್ನೊಂದು ಭಯ ನನ್ನದು. ನಾಳೆ ನೀವೇ "ಹೇಗೂ ಇವರು ಬರ್ತಾರಲ್ಲ" ಅಂತ ವಿಶೇಷ ಶಿಕ್ಷಕರ ನೇಮಕ ಇನ್ನಷ್ಟು ಮುಂದಕ್ಕೆ ಹಾಕಬಾರದು. ಸುಪ್ರೀಂ ಕೋರ್ಟು 2021ರಲ್ಲೇ ಹೇಳಿದೆ: ಪ್ರಾಥಮಿಕದಲ್ಲಿ ಇಂಥ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ, ಹಿರಿಯ ಪ್ರಾಥಮಿಕ ಮತ್ತು ಪ್ರೌಢಶಾಲೆಯಲ್ಲಿ 15ಕ್ಕೆ ಒಬ್ಬರು. ಈ ಮಕ್ಕಳಿಗೆಂದೇ ತಾಲೂಕು ಮಟ್ಟದಲ್ಲಿರುವ ಸಂಪನ್ಮೂಲ ಶಿಕ್ಷಕರು, ನಮ್ಮ ಬಿಐಇಆರ್‌ಟಿಗಳು, ಇಡೀ ತಾಲೂಕು ಸುತ್ತುತ್ತಾರೆ. ಚಿಂಚೋಳಿಯ ಕಾಡಂಚಿನ ತಾಂಡಾಗಳಿಗೂ ಅವರೇ, ಊರಿನ ಶಾಲೆಗೂ ಅವರೇ. ಅವರನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಕಲಿಸುವುದು ನಮ್ಮ ಕೆಲಸ ಅಲ್ಲ, ಕಲಿಸುವವರು ಬೇಕು ಅಂತ ಕೇಳುವುದು ನಮ್ಮ ಕೆಲಸ.

ಹಾಗಾದರೆ ಊರೂರಿಗೆ ಜೊತೆ ಹೋಗುವವರನ್ನು ಎಲ್ಲಿಂದ ತರುವುದು? ಹೊಸ ಹುದ್ದೆ ಬೇಕಿಲ್ಲ. ವಿಕಲಚೇತನರಿಗಾಗಿ ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯು ಅನ್ನುವ ಪುನರ್ವಸತಿ ಕಾರ್ಯಕರ್ತರು ಇದ್ದಾರೆ, ತಾಲೂಕಿನಲ್ಲಿ ಎಂಆರ್‌ಡಬ್ಲ್ಯು ಇದ್ದಾರೆ. ಅವರಲ್ಲಿ ಬಹಳ ಜನ ಸ್ವತಃ ವಿಕಲಚೇತನರು, ಕಚೇರಿ ಅಲೆದಾಟ ಅಂದರೇನು ಅಂತ ಅವರಿಗೆ ಯಾರೂ ಕಲಿಸಬೇಕಿಲ್ಲ. ಪಿಂಚಣಿ, ಕಾರ್ಡು, ಸರ್ವೆ ಅಂತಲೇ ಅವರ ದಿನ ಮುಗಿಯುತ್ತದೆ, ಶಾಲೆಯ ಮೀಟಿಂಗಿಗೆ ಅವರನ್ನು ಯಾರೂ ಕರೆಯುವುದಿಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಪ್ಯಾರಾ ಲೀಗಲ್ ವಾಲಂಟಿಯರುಗಳು ಇದ್ದಾರೆ. 1987ರ ಕಾನೂನು ಪ್ರಕಾರ ವಿಕಲಚೇತನರಿಗೂ ಮಕ್ಕಳಿಗೂ ಉಚಿತ ಕಾನೂನು ನೆರವು ಸಿಗಬೇಕು, 15100ಕ್ಕೆ ಫೋನ್ ಮಾಡಿದರೆ ಸಾಕು. ಎಷ್ಟು ತಾಯಂದಿರಿಗೆ ಇದು ಗೊತ್ತು? ಇವರನ್ನೆಲ್ಲ ಸೇರಿಸಿ, ಜೊತೆಗೆ ಈ ದಾರಿ ಸವೆಸಿದ ಕೆಲವು ತಾಯಂದಿರನ್ನೂ ಸೇರಿಸಿ, ಕೆಲವು ದಿನ ತರಬೇತಿ ಕೊಡಿ. ಫೈಲು ಹೇಗೆ ಜೋಡಿಸುವುದು, ವರದಿ ಹೇಗೆ ಓದುವುದು, ಅರ್ಜಿ ಕೊಟ್ಟು ಸ್ವೀಕೃತಿ ಹೇಗೆ ಪಡೆಯುವುದು, ಜಗಳ ಆಡದೆ ಹೇಗೆ ಗಟ್ಟಿಯಾಗಿ ಮಾತಾಡುವುದು. ಈ ಕೊನೆಯದಕ್ಕೇ ಒಂದು ದಿನ ಬೇಕಾಗಬಹುದು, ನಮ್ಮ ಕಲಬುರಗಿ ಮಂದಿ ಅಲ್ವಾ. ಖರ್ಚಿಗೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇಲ್ಲೇ ಇದೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ಹೋರಾಟ ಮಾಡಿ ಪಡೆದದ್ದು ಬರೀ ಕಟ್ಟಡಕ್ಕಾ?

ಸುತ್ತೋಲೆಯಲ್ಲಿ ನಾನು ಕೇಳುವುದು ಇಷ್ಟು. ಮಗುವಿನ ಬಗ್ಗೆ ಶಾಲೆಯಲ್ಲಾಗಲಿ ಬಿಇಒ ಕಚೇರಿಯಲ್ಲಾಗಲಿ ಮಾತುಕತೆ ನಡೆದರೆ ಪಾಲಕರು ತಮಗೆ ಬೇಕಾದ ಒಬ್ಬರನ್ನು ಜೊತೆಗೆ ಕರೆತರಬಹುದು, ಅವರನ್ನು ಹೊರಗೆ ಕೂರಿಸಬಾರದು. ಏನು ತೀರ್ಮಾನ ಆಯಿತು ಅಂತ ಅವತ್ತೇ ಒಂದು ಹಾಳೆಯಲ್ಲಿ ಬರೆದು, ಒಂದು ಪ್ರತಿ ಪಾಲಕರಿಗೆ ಕೊಡಬೇಕು, ಅವರಿಗೆ ಓದಲು ಬರುವ ಭಾಷೆಯಲ್ಲಿ, ಓದಲು ಬಾರದಿದ್ದರೆ ಓದಿ ಹೇಳಬೇಕು. ಸೇರಿಸಿಕೊಳ್ಳುವುದಿಲ್ಲ, ಸಹಾಯಕರನ್ನು ಕೊಡುವುದಿಲ್ಲ, ಗೃಹಾಧಾರಿತಕ್ಕೆ ಹಾಕುತ್ತೇವೆ ಅಂತ ಯಾರು ಹೇಳಿದರೂ ಕಾರಣ ಬರೆದು ಸಹಿ ಹಾಕಬೇಕು. ಮತ್ತೆ ಪ್ರತಿ ಸರ್ಕಾರಿ ಸಂಸ್ಥೆಗೂ ಒಬ್ಬ ಕುಂದುಕೊರತೆ ಅಧಿಕಾರಿ ಇರಬೇಕು, ದೂರು ದಾಖಲಾದ ಎರಡು ವಾರದೊಳಗೆ ವಿಚಾರಣೆ ಮಾಡಬೇಕು ಅಂತ 2016ರ ಕಾಯ್ದೆಯ 23ನೇ ಕಲಮು ಹೇಳುತ್ತದೆ, ಆದರೆ ಅದು ನೌಕರಿಯಲ್ಲಿನ ಭೇದಭಾವದ ದೂರುಗಳಿಗೆ. ಅಲ್ಲಿ ಆಗದಿದ್ದರೆ ಜಿಲ್ಲಾ ಮಟ್ಟದ ಸಮಿತಿಗೆ ಹೋಗಬಹುದು. ಮಕ್ಕಳ ದೂರಿಗೂ ಹಾಗೇ ಒಬ್ಬ ಅಧಿಕಾರಿಯನ್ನು ಗೊತ್ತುಮಾಡಿ, ಅವರ ಹೆಸರು, ಫೋನ್ ನಂಬರು ಬಿಇಒ ಕಚೇರಿಯ ಗೋಡೆ ಮೇಲೆ ದೊಡ್ಡದಾಗಿ ಬರೆಸಿ. ಬಿಸಿಯೂಟದ ಮೆನು ಬರೆಸುವ ಹಾಗೆ.

ಇದರಲ್ಲಿ ಯಾವುದಕ್ಕೂ ಬೆಂಗಳೂರಿನ ಅನುಮತಿ ಕಾಯಬೇಕು ಅಂತ ನನಗೆ ಅನಿಸುವುದಿಲ್ಲ, ಕಾನೂನಿನ ಆಶಯವನ್ನೇ ಮತ್ತೆ ನೆನಪಿಸುವ ಕಾಗದ ಅದು. ಮುಖ್ಯಗುರುಗಳಿಗೂ ಇದರಿಂದ ಉಪಕಾರವೇ. ಇವತ್ತು ಬಾಯಿಮಾತಲ್ಲಿ ಒಪ್ಪಿಕೊಂಡು ನಾಳೆ ಮಾತು ತಿರುಗಿಸುವ ಪಾಲಕರೂ ಇರುತ್ತಾರೆ, ಅವರಿಗೂ ಅದೇ ಹಾಳೆ ತೋರಿಸಬಹುದು.

ಸುತ್ತೋಲೆಯ ಕರಡು ನಾವೇ ಬರೆದಿಟ್ಟಿದ್ದೇವೆ, ಒಂದೇ ಪುಟ. ಉರ್ದು ಪ್ರತಿಯೂ ಆಗಿದೆ, ಬೀದರ್‌ನ ಗಡಿ ತಾಲೂಕುಗಳಿಗೆ ಮರಾಠಿಯದು ಇನ್ನೂ ಆಗಬೇಕು. ಶಾಲೆ ಶುರುವಾಗುವ ಮೊದಲು ಒಂದು ಮಧ್ಯಾಹ್ನ ಸಮಯ ಕೊಟ್ಟರೆ ತಂದು ತೋರಿಸುತ್ತೇವೆ. ನಾನು ಒಬ್ಬಳೇ ಬರುವುದಿಲ್ಲ. ಕೆಲವು ತಾಯಂದಿರೂ ಬರುತ್ತಾರೆ, ಮಾತಾಡುವುದು ಅವರೇ.

ಇತಿ,
ಪಾಲಕರ ಜೊತೆ ಬರುವವಳು,
ಕಲಬುರಗಿ